ಕೊಯ್ಲು ಶುರುವಾಗುವ ಮುಂಚೆ: ಚಿಕ್ಕಮಗಳೂರಿನ ಹೊಸಬರೊಬ್ಬರ ಮೊದಲ ಟ್ರಯಥ್ಲಾನ್

ವಯಸ್ಸು 36, ತೂಕ 74 ಕಿಲೊ, ಎತ್ತರ 168 ಸೆಂ.ಮೀ. ಕೆಲಸ ಚಿಕ್ಕಮಗಳೂರು ಹತ್ತಿರದ ಕಾಫಿ ತೋಟವೊಂದರಲ್ಲಿ ರೈಟರ್ (ತೋಟದ ಲೆಕ್ಕ ಬರೆಯುವವರು), ವಾಸ ಪಟ್ಟಣದಲ್ಲಿ. ಗುರಿ ಸ್ಪ್ರಿಂಟ್ ಟ್ರಯಥ್ಲಾನ್: 750 ಮೀಟರ್ ಈಜು, 20 ಕಿ.ಮೀ. ಸೈಕಲ್, 5 ಕಿ.ಮೀ. ಓಟ, ಗಡಿಯಾರ ಎಲ್ಲೂ ನಿಲ್ಲದಂತೆ ಒಂದರ ಹಿಂದೆ ಒಂದು. ಇದು ಮಾದರಿ ಪ್ರಕರಣ. ವ್ಯಕ್ತಿ ಕಲ್ಪಿತ, ತೊಂದರೆಗಳು ಮಾತ್ರ ಈ ಭಾಗದ ಹೊಸಬರಲ್ಲಿ ಮತ್ತೆ ಮತ್ತೆ ಕಾಣುವಂಥವೇ.

ಟ್ರಯಥ್ಲಾನ್ ಎಂದ ಕೂಡಲೇ ಜನರಿಗೆ ನೆನಪಾಗುವುದು 3.8 ಕಿ.ಮೀ. ಈಜಿ, 180 ಕಿ.ಮೀ. ಸೈಕಲ್ ತುಳಿದು, 42.2 ಕಿ.ಮೀ. ಓಡುವ ಐರನ್‌ಮ್ಯಾನ್. 2000ದ ಸಿಡ್ನಿ ಒಲಿಂಪಿಕ್ಸ್‌ನಿಂದ ನಡೆಯುತ್ತಿರುವ ಸ್ಪರ್ಧೆಯ ಅಳತೆ 1.5, 40 ಮತ್ತು 10 ಕಿ.ಮೀ. ಸ್ಪ್ರಿಂಟ್ ಅದರ ಅರ್ಧ. ಮೊದಲ ಸಲಕ್ಕೆ ಇಷ್ಟು ಸಾಕು. 16 ವಾರದಲ್ಲಿ, ಕೆಲಸ ಬಿಡದೆ, ವಾರಕ್ಕೆ ನಾಲ್ಕೂವರೆಯಿಂದ ಆರೂವರೆ ಗಂಟೆ ಕೊಟ್ಟರೆ ಮುಗಿಸಬಹುದು.

ದಿನ ಗೊತ್ತುಮಾಡಿದ್ದು ಕಾಫಿ

ಅರೇಬಿಕಾ ಕೊಯ್ಲು ನವೆಂಬರ್‌ನಲ್ಲಿ ಹಿಡಿದರೆ, ಅದರ ಹಿಂದೆಯೇ ರೋಬಸ್ಟಾ ಬಂದು ಫೆಬ್ರವರಿ ದಾಟುತ್ತದೆ. ಆ ತಿಂಗಳುಗಳಲ್ಲಿ ರೈಟರಿಗೆ ಆಳುಗಳ ಹಾಜರಿ, ತೂಕ, ಕಣದ ಲೆಕ್ಕ ಮುಗಿಯುವಷ್ಟರಲ್ಲಿ ರಾತ್ರಿ. ಹಾಗಾಗಿ ಅಕ್ಟೋಬರ್ ಕೊನೆಯ ವಾರ ಬಯಲುಸೀಮೆಯಲ್ಲಿ ನಡೆಯುವ ಒಂದು ಕೆರೆ ಸ್ಪರ್ಧೆಯನ್ನು ಆರಿಸಿ, ಅಲ್ಲಿಂದ ಹಿಂದಕ್ಕೆ ಎಣಿಸಿ ಜುಲೈ ಮೊದಲ ವಾರ ತಯಾರಿ ಶುರು ಮಾಡಲಾಯಿತು.

ಜುಲೈ ಎಂದರೆ ಇಲ್ಲಿ ಮಳೆ, ಚಳಿ, ಮಂಜು. ತಪ್ಪು ತಿಂಗಳು ಎಂದು ಹಲವರು ಹೇಳುತ್ತಾರೆ. ಈಜಿನ ಮಟ್ಟಿಗೆ ಅದು ಸರಿಯಾದ ತಿಂಗಳು. ಏಪ್ರಿಲ್, ಮೇನಲ್ಲಿ ಕೊಳದ ತುಂಬ ಬೇಸಿಗೆ ಶಿಬಿರದ ಮಕ್ಕಳು. ನೇರವಾಗಿ ಹತ್ತು ಮೀಟರ್ ಈಜಲೂ ಜಾಗವಿಲ್ಲ. ಮಳೆಗಾಲದ ಬೆಳಗಿನ ಬ್ಯಾಚಿನಲ್ಲಿ ನಾಲ್ಕೈದು ಜನ ಇದ್ದರೆ ಹೆಚ್ಚು. ನೀರು ತಣ್ಣಗಿರುತ್ತದೆ, ನಲವತ್ತು ನಿಮಿಷಕ್ಕೆ ತುಟಿ ನಡುಗುತ್ತದೆ, ಬ್ಯಾಚಿನ ಅವಧಿಯೂ 45 ನಿಮಿಷವೇ. ಗುಡುಗು ಕೇಳಿದರೆ ಮಾತ್ರ ತಕ್ಷಣ ಮೇಲೆ ಬರಬೇಕು. ಅದರಲ್ಲಿ ಚೌಕಾಸಿ ಇಲ್ಲ.

ಶುರುವಿಗೆ ಮೊದಲು ವೈದ್ಯರ ತಪಾಸಣೆ ಆಯಿತು. ತಂದೆಗೆ ಬಿಪಿ ಇದ್ದುದರಿಂದ ಬಿಪಿ, ಸಕ್ಕರೆ, ಇಸಿಜಿ ಮೂರೂ ನೋಡಿಸಲಾಯಿತು. ಮನೆತನದಲ್ಲಿ ಚಿಕ್ಕ ವಯಸ್ಸಿನ ಹೃದಯಾಘಾತ ಇದ್ದರೆ, ಓಡುವಾಗ ಎದೆ ಹಿಡಿದ ಅಥವಾ ತಲೆ ಸುತ್ತಿದ ಅನುಭವ ಇದ್ದರೆ ಇದನ್ನು ಬಿಟ್ಟು ಮುಂದೆ ಹೋಗಲೇಬಾರದು.

ಮೊದಲ ವಾರದ ಅಳತೆ: 5 ಕಿ.ಮೀ. ಓಟ 33 ನಿಮಿಷ. ಸೈಕಲ್ 15 ಕಿ.ಮೀ. ಸಲೀಸು, ಗೇರ್ ಇರುವ ಹೈಬ್ರಿಡ್, 13 ಕಿಲೊ, 35 ಮಿ.ಮೀ. ಟೈರು. ಬೆಳಿಗ್ಗೆ ಹಾಸಿಗೆಯಿಂದ ಏಳುವ ಮುಂಚಿನ ನಾಡಿ 64. ಈಜು ಬರುತ್ತದೆ ಎಂದಿದ್ದರು. 25 ಮೀಟರಿಗೆ ಗೋಡೆ ಹಿಡಿದು ಏದುಸಿರು ಬಿಡುತ್ತ ನಿಂತರು.

ಕೆರೆಯಲ್ಲಿ ಕಲಿತ ಈಜು

ಊರ ಕೆರೆ, ಬಾವಿಗಳಲ್ಲಿ ಕಲಿತವರಿಗೆ ನೀರಿನ ಭಯ ಇರುವುದಿಲ್ಲ. ಅದು ದೊಡ್ಡ ಆಸ್ತಿ. ಆದರೆ ಅವರು ಕಲಿತದ್ದು ತಲೆ ಮೇಲಿಟ್ಟು ದಡ ಸೇರುವ ಈಜು. ತಲೆ ಎತ್ತಿದಷ್ಟೂ ಸೊಂಟ ಮುಳುಗುತ್ತದೆ, ಕಾಲು ಇಳಿಬೀಳುತ್ತದೆ, ಆಗ ಮೈಯೆಲ್ಲ ನೀರಿಗೆ ಅಡ್ಡಲಾಗಿ ನಿಂತ ಹಲಗೆ. ಅದನ್ನು ತಳ್ಳಿಕೊಂಡು ಹೋಗಲು ತೋಳಿಗೆ ಎರಡು ಪಟ್ಟು ಕೆಲಸ. ದಮ್ಮಿಲ್ಲ ಎಂದುಕೊಂಡು ಇಂಥವರು ಇನ್ನಷ್ಟು ಜೋರಾಗಿ ಹೊಡೆಯುತ್ತಾರೆ, ಇನ್ನಷ್ಟು ಬೇಗ ಸೋಲುತ್ತಾರೆ. 5 ಕಿ.ಮೀ. ಓಡಬಲ್ಲವರಿಗೆ 25 ಮೀಟರಿಗೆ ದಮ್ಮು ಮುಗಿಯಿತು ಎಂದರೆ ದೋಷ ದಮ್ಮಿನದಲ್ಲ.

ಎರಡನೆಯ ದೋಷ ಉಸಿರು ಕಟ್ಟುವುದು. ಮುಖ ನೀರಿನಲ್ಲಿರುವಾಗ ಉಸಿರು ಹಿಡಿದಿಟ್ಟು, ಬಾಯಿ ಮೇಲೆ ಬಂದ ಅರೆಕ್ಷಣದಲ್ಲಿ ಬಿಡುವುದನ್ನೂ ಎಳೆಯುವುದನ್ನೂ ಒಟ್ಟಿಗೆ ಮಾಡಲು ಹೊರಟರೆ ಎರಡೂ ಅರ್ಧರ್ಧ. ಒಳಗೆ ಇಂಗಾಲದ ಡೈಆಕ್ಸೈಡ್ ಕೂಡುತ್ತ ಹೋಗುತ್ತದೆ. ಉಸಿರು ಕಟ್ಟಿದಂತಾಗಿ ಗಾಬರಿ ಹುಟ್ಟಿಸುವುದು ಬಹುಪಾಲು ಇದೇ, ಆಮ್ಲಜನಕದ ಕೊರತೆ ಅಲ್ಲ.

ಆದ್ದರಿಂದ ಮೊದಲ ಎರಡು ವಾರ ದೂರದ ಲೆಕ್ಕವೇ ಇರಲಿಲ್ಲ. ಗೋಡೆ ಹಿಡಿದು ಮುಖ ಮುಳುಗಿಸಿ, ಮೂಗು ಬಾಯಿಯಿಂದ ಸಣ್ಣಗೆ ಗುಳ್ಳೆ ಬಿಡುತ್ತ ಎದೆ ಖಾಲಿ ಮಾಡಿ, ಪಕ್ಕಕ್ಕೆ ಹೊರಳಿ ಎಳೆಯುವುದು, 20 ಸಲ. ಆಮೇಲೆ ಕಿಕ್‌ಬೋರ್ಡ್ (ತೇಲುವ ಹಲಗೆ) ಹಿಡಿದು ಕಾಲು ಹೊಡೆತ. ಮೊಣಕಾಲು ಮಡಿಸಿ ಸೈಕಲ್ ತುಳಿದಂತೆ ಒದೆಯದೆ, ತೊಡೆಯಿಂದಲೇ, ಪಾದ ಸಡಿಲ. ನಂತರ ಒಂದು ಕೈ ಮುಂದೆ ಚಾಚಿ ಮಗ್ಗುಲಾಗಿ ಮಲಗಿ ಆರು ಒದೆತ, ಒಂದು ಉಸಿರು. ಕೋಚ್ ದಿನವೂ ಹೇಳುತ್ತಿದ್ದದ್ದು ಒಂದೇ ಮಾತು: "ಮುಂದೆ ನೋಡ್ಬೇಡಿ ಸಾರ್, ನೆಲ ನೋಡಿ."

ಅಲ್ಲಿಂದ ಮುಂದಿನ ಮೆಟ್ಟಿಲುಗಳು ಹೀಗಿದ್ದವು. 3 ಮತ್ತು 4ನೇ ವಾರ: 25 ಮೀಟರ್ 12 ಸಲ, ಪ್ರತಿ ಸಲಕ್ಕೂ 30ರಿಂದ 40 ಸೆಕೆಂಡ್ ವಿರಾಮ. 5, 6: 50 ಮೀಟರ್ 8 ಸಲ, 30 ಸೆಕೆಂಡ್ ವಿರಾಮ. 7ರಿಂದ 9: 100 ಮೀಟರ್ 6 ಸಲ, 20 ಸೆಕೆಂಡ್. 10: 250 ಮೀಟರ್ 3 ಸಲ, ಮಧ್ಯೆ ಒಂದು ನಿಮಿಷ. 11ನೇ ವಾರ 750 ಮೀಟರ್, ಅಂದರೆ 25 ಮೀಟರ್ ಕೊಳದ 30 ಉದ್ದ, ನಿಲ್ಲದೆ, 22 ನಿಮಿಷದಲ್ಲಿ. 14ನೇ ವಾರ ಅದೇ 21 ನಿಮಿಷ 15 ಸೆಕೆಂಡ್. 100 ಮೀಟರಿಗೆ 2 ನಿಮಿಷ 50 ಸೆಕೆಂಡ್. ಇದು ನಿಧಾನದ ಈಜು, ಮೊದಲ ಸ್ಪರ್ಧೆಗೆ ಧಾರಾಳ ಸಾಕು.

ವಾರಕ್ಕೆ ಮೂರು ಈಜು ಎಂಬುದನ್ನು ಎಂದೂ ಇಳಿಸಲಿಲ್ಲ. ಒಂದು ದಿನ ಎರಡು ಗಂಟೆ ಈಜುವುದಕ್ಕಿಂತ ಮೂರು ದಿನ ನಲವತ್ತು ನಿಮಿಷ ಈಜುವುದು ಲಾಭ. ಮೈಗೆ ನೀರಿನ ಹದ ಮರೆಯುವುದು ಬಹಳ ಬೇಗ. ಸಮಯ ಕಡಿಮೆಯಾದ ವಾರಗಳಲ್ಲಿ ಕತ್ತರಿ ಬಿದ್ದದ್ದು ಓಟಕ್ಕೆ. ಹೆಚ್ಚಿನವರು ಇದರ ಉಲ್ಟಾ ಮಾಡುತ್ತಾರೆ, ಓಟಕ್ಕೆ ಮನೆ ಬಾಗಿಲು ದಾಟಿದರೆ ಸಾಕು ಎಂಬ ಒಂದೇ ಕಾರಣಕ್ಕೆ.

ಹಿರೇಕೊಳಲೆ ಕೆರೆ, ಅಯ್ಯನಕೆರೆ ಕಣ್ಣೆದುರಿಗಿರುವಾಗ ಕೊಳ ಏಕೆ ಎಂಬ ಪ್ರಶ್ನೆ ಸಹಜ. ಹೂಳು, ಜೊಂಡು, ಒಮ್ಮೆಲೇ ಆಳವಾಗುವ ತಳ, ಮಳೆಗಾಲದಲ್ಲಿ ಇಲಿಜ್ವರದ ಅಪಾಯ, ಕರೆದರೆ ಬರುವ ದೋಣಿ ಇಲ್ಲ. ಗೊರೂರಿನ ಹೇಮಾವತಿ ಹಿನ್ನೀರಿಗೂ ಇದೇ ಮಾತು. ಬಯಲು ನೀರಿನ ಅಭ್ಯಾಸದ ಮುಕ್ಕಾಲು ಪಾಲನ್ನು ಕೊಳದಲ್ಲೇ ಮಾಡಬಹುದು: ತಿರುಗುವಾಗ ಗೋಡೆ ಮುಟ್ಟದಿರುವುದು, ಕಣ್ಣು ಮುಚ್ಚಿ ಹತ್ತು ಕೈ ಹಾಕಿ ಯಾವ ಪಕ್ಕಕ್ಕೆ ವಾಲುತ್ತೇವೆ ಎಂದು ನೋಡುವುದು (ಇವರು ಎಡಕ್ಕೆ), ಎಂಟು ಕೈಗೊಮ್ಮೆ ಕಣ್ಣಷ್ಟೇ ನೀರಿನಿಂದ ಮೇಲೆತ್ತಿ ಗುರುತು ನೋಡಿ, ಉಸಿರನ್ನು ಪಕ್ಕದಿಂದಲೇ ಎಳೆಯುವುದು, ಮೂವರು ಒಂದೇ ಸಾಲಿನಲ್ಲಿ ಮೈಗೆ ಮೈ ತಾಗಿಸಿಕೊಂಡು ಈಜುವುದು. ಉಳಿದ ಕಾಲು ಪಾಲು ಸ್ಪರ್ಧೆಯ ಹಿಂದಿನ ದಿನ, ಸಂಘಟಕರ ದೋಣಿ ಇರುವ ಅಭ್ಯಾಸದ ಹೊತ್ತಿನಲ್ಲಿ.

ಗಿರಿಯ ರಸ್ತೆ ಮಾಡಿದ ಮೋಸ

ನಾಲ್ಕನೇ ವಾರದ ಕೊನೆಗೆ ಬೆಳಗಿನ ನಾಡಿ 64ರಿಂದ 72ಕ್ಕೆ ಏರಿತ್ತು. ನಿದ್ದೆ ತುಂಡು ತುಂಡು, ಮನೆಯಲ್ಲಿ ಸಿಡುಕು, ಓಟದ ವೇಗ ಮೊದಲ ವಾರಕ್ಕಿಂತ ಕೆಟ್ಟದ್ದು. ಜ್ವರವಿಲ್ಲ, ನೆಗಡಿಯಿಲ್ಲ. ಕಾರಣ ಸಿಕ್ಕಿದ್ದು ದಿನಚರಿ ಪುಸ್ತಕದಲ್ಲಿ: ಸೈಕಲ್ ಹತ್ತಿದ ದಿನವೆಲ್ಲ ಕೈಮರದ ಕಡೆಗೆ, ಮುಳ್ಳಯ್ಯನಗಿರಿಯ ದಾರಿ.

ಪಟ್ಟಣವೇ ಸುಮಾರು ಸಾವಿರ ಮೀಟರ್ ಎತ್ತರದಲ್ಲಿದೆ, ಗಿರಿ 1,930 ಮೀಟರ್. ಆ ದಾರಿಯಲ್ಲಿ ಹಗುರ ಸವಾರಿ ಎಂಬುದೇ ಇಲ್ಲ. ಎಷ್ಟು ನಿಧಾನ ತುಳಿದರೂ ನಾಡಿ 160 ದಾಟುತ್ತದೆ. 220ರಿಂದ ವಯಸ್ಸು ಕಳೆಯುವ ಒರಟು ಲೆಕ್ಕದಲ್ಲಿ ಇವರ ಗರಿಷ್ಠ ನಾಡಿ 184 (ಹತ್ತರಷ್ಟು ಆಚೀಚೆ ಆಗಬಹುದು); ಹಗುರ ಅಭ್ಯಾಸ 138ರ ಒಳಗೆ ಇರಬೇಕು. ವಾರದ ಅಭ್ಯಾಸದಲ್ಲಿ ನಾಲ್ಕನೇ ಮೂರು ಭಾಗ ಹೀಗೆ ಹಗುರವಾಗಿದ್ದರೇನೇ ಉಳಿದ ಒಂದು ಭಾಗ ಕಷ್ಟದ್ದು ಮೈಗೆ ಹಿಡಿಯುವುದು. ಯಂತ್ರ ಇಲ್ಲದವರಿಗೆ ಅಳತೆ: ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗುತ್ತಿದೆಯೇ? ಆಗದಿದ್ದರೆ ಹಗುರ ಅಲ್ಲ. ಮಲೆನಾಡಿನ ಅಂಚಿನ ಊರುಗಳಲ್ಲಿ ಹೊಸಬರು ಕೆಡುವುದು ಸೋಮಾರಿತನದಿಂದಲ್ಲ, ಊರಿನ ಏರುಗಳಿಂದ.

ಒಂದು ವಾರ ಅಭ್ಯಾಸ ಅರ್ಧಕ್ಕೆ ಇಳಿಯಿತು. ಬಳಿಕ ರಸ್ತೆಯೇ ಬದಲು: ಕಡೂರು ರಸ್ತೆಯಲ್ಲಿ ಸಖರಾಯಪಟ್ಟಣದ ಕಡೆಗೆ 10 ಕಿ.ಮೀ. ಹೋಗಿ ತಿರುಗುವುದು. ಹೋಗುವಾಗ ಒಟ್ಟಾರೆ ಇಳಿಕೆ, ಬರುವಾಗ ಏರಿಕೆ, ಜೊತೆಗೆ ಗಾಳಿ. ಹೋಗುವಾಗ ಉಬ್ಬಿ ತುಳಿದವರಿಗೆ ಬರುವಾಗ ಆ ರಸ್ತೆಯೇ ಪಾಠ ಹೇಳುತ್ತದೆ. ಪೆಡಲ್ ಸುತ್ತು ನಿಮಿಷಕ್ಕೆ 80ರಿಂದ 90. ಭಾರದ ಗೇರಿನಲ್ಲಿ 55, 60 ಸುತ್ತು ತುಳಿದರೆ ತೊಡೆ ಸೈಕಲ್ ಮೇಲೇ ಖರ್ಚಾಗಿ ಓಟಕ್ಕೆ ಏನೂ ಉಳಿಯದು. ಗಿರಿಯ ದಾರಿ ಪೂರ್ತಿ ಬಿಡಲಿಲ್ಲ, ಹದಿನೈದು ದಿನಕ್ಕೊಮ್ಮೆ. ಶನಿವಾರ, ಭಾನುವಾರ ಮಾತ್ರ ಬೇಡ: ಪ್ರವಾಸಿಗರ ಗಾಡಿ, ಮಂಜು, ತಿರುವು ಮೂರೂ ಒಟ್ಟಿಗೆ.

ಅದೇ ಹೊತ್ತಿಗೆ ಮೊಣಕಾಲ ಚಿಪ್ಪಿನ ಮುಂಭಾಗ ನೋಯತೊಡಗಿತ್ತು. ಸೀಟು ತಗ್ಗಾಗಿತ್ತು, ಅಷ್ಟೇ. ನಿಂತಾಗ ಕಾಲು ನೆಲಕ್ಕೆ ತಾಗಲಿ ಎಂದು ಅಂಗಡಿಯಲ್ಲೇ ತಗ್ಗಿಸಿ ಕೊಡುವುದು ರೂಢಿ. ಸರಳ ಅಳತೆ: ಪೆಡಲ್ ಪೂರ್ತಿ ಕೆಳಗಿದ್ದಾಗ ಹಿಮ್ಮಡಿ ಇಟ್ಟರೆ ಮೊಣಕಾಲು ನೆಟ್ಟಗಾಗಬೇಕು, ಆಗ ಪಾದದ ಮುಂಭಾಗದಿಂದ ತುಳಿಯುವಾಗ ತಕ್ಕಷ್ಟು ಬಾಗು ತಾನೇ ಬರುತ್ತದೆ. ಟೇಪಿನ ಲೆಕ್ಕ ಬೇಕೆಂದರೆ ಬರಿಗಾಲಲ್ಲಿ ನಿಂತು ತೊಡೆಸಂದಿಯಿಂದ ನೆಲದವರೆಗೆ ಅಳೆದು 0.883ರಿಂದ ಗುಣಿಸಿ. ಇವರದು 78 ಸೆಂ.ಮೀ.; ಹಾಗಾಗಿ ಎರಡೂ ಪೆಡಲ್ ತೋಳುಗಳು ಸೇರುವ ಅಚ್ಚಿನ ನಡುವಿನಿಂದ ಸೀಟಿನ ಮೇಲ್ಭಾಗಕ್ಕೆ ಸುಮಾರು 69. ಒಂದೇ ದಿನ ಏರಿಸದೆ ವಾರಕ್ಕೆ ಒಂದು ಸೆಂ.ಮೀ. ಎತ್ತರಿಸಲಾಯಿತು. ಮೂರು ವಾರಕ್ಕೆ ನೋವು ಹೋಯಿತು.

ಮಳೆಗಾಲದ ಸೈಕಲ್ಲಿಗೆ ಆರೈಕೆ ಹೆಚ್ಚು. ಕೆಮ್ಮಣ್ಣು ಕೂತ ಚೈನನ್ನು ಒರೆಸದೆ ಎಣ್ಣೆ ಬಿಟ್ಟರೆ ಅದು ಉಪ್ಪುಕಾಗದದ ಕೆಲಸ ಮಾಡುತ್ತದೆ. ಮೊದಲು ಬಟ್ಟೆ, ಆಮೇಲೆ ಕೊಂಡಿಗೊಂದು ಹನಿ, ಮತ್ತೆ ಬಟ್ಟೆ. ಬ್ರೇಕ್ ಶೂಗಳ ಗೀರು ಅಳಿಸಿದೆಯೇ ಎಂದು ವಾರಕ್ಕೊಮ್ಮೆ ನೋಡುವುದು. ಒದ್ದೆ ಎಲೆ ಬಿದ್ದ ಇಳಿಜಾರಿನಲ್ಲಿ ಬ್ರೇಕು ತಿರುವಿಗೆ ಮುಂಚೆಯೇ, ಎರಡೂ ಕೈಯಿಂದ. ತಿರುವಿನೊಳಗೆ ಹಿಡಿದರೆ ಚಕ್ರ ಜಾರುತ್ತದೆ. ಟೈರಿನ ಗಾಳಿ ಮುಂದೆ 55, ಹಿಂದೆ 60 ಪಿಎಸ್‌ಐ. ಟ್ಯೂಬು, ಟೈರ್ ಲಿವರ್ ಎರಡು, ಕೈಪಂಪು ಸೀಟಿನ ಕೆಳಗೆ. ಪಂಕ್ಚರ್ ತೆಗೆಯುವುದನ್ನು ಮನೆ ಜಗಲಿಯಲ್ಲೇ ಕಲಿಯಬೇಕು. ಟ್ಯೂಬು ಬದಲಿಸುವ ಮೊದಲು ಟೈರಿನ ಒಳಗೆ ಬೆರಳಾಡಿಸಿ ಮುಳ್ಳು ತೆಗೆಯದಿದ್ದರೆ ಹೊಸ ಟ್ಯೂಬೂ ಹೋಗುತ್ತದೆ. ರೋಡ್ ಬೈಕ್ (ಹಗುರ ರೇಸ್ ಸೈಕಲ್) ಕೊಳ್ಳುವ ಆಸೆಯನ್ನು ಮುಂದಿನ ವರ್ಷಕ್ಕೆ ತಳ್ಳಲಾಯಿತು. ಸರಿಯಾದ ತೀರ್ಮಾನ: 20 ಕಿ.ಮೀ.ಯಲ್ಲಿ ಅದು ಉಳಿಸುವ ಕೆಲವು ನಿಮಿಷಕ್ಕಿಂತ ಈಜಿನ ಗಾಬರಿ ಕಳೆಯುವುದು ಮುಖ್ಯ.

ಓಟ, ಮತ್ತು ಸೈಕಲ್ ಇಳಿದ ಮೇಲಿನ ಓಟ

ಆರನೇ ವಾರ ಮೊಣಕಾಲ ಕೆಳಗಿನ ಎಲುಬಿನ ಒಳಬದಿ ಉದ್ದಕ್ಕೂ ನೋವು, ಶಿನ್ ಸ್ಪ್ಲಿಂಟ್. ವಾರದ ಓಟ 9 ಕಿ.ಮೀ.ಯಿಂದ 16ಕ್ಕೆ ಒಮ್ಮೆಲೇ ಹಾರಿತ್ತು. ಶೂ ಸವೆದಿತ್ತು. ಓಡಿದ್ದು ರಸ್ತೆಯ ಒಂದೇ ಬದಿಯ ಇಳಿಜಾರಿನಲ್ಲಿ. ಪರೀಕ್ಷೆ ಸುಲಭ: ನೋವು ಅಂಗೈ ಉದ್ದಕ್ಕೂ ಹರಡಿದ್ದರೆ ಸ್ನಾಯು ಎಲುಬಿಗೆ ಅಂಟುವ ಜಾಗದ ಕಿರಿಕಿರಿ, ಒಂದೇ ಬೆರಳಿನಲ್ಲಿ ತೋರಿಸುವಷ್ಟು ಒಂದೇ ಬಿಂದುವಿನಲ್ಲಿದ್ದರೆ ಎಲುಬಿನ ಬಿರುಕಿನ ಶಂಕೆ, ಓಟ ನಿಲ್ಲಿಸಿ ವೈದ್ಯರ ಬಳಿಗೆ. ಇವರದು ಮೊದಲನೆಯದು. ಹತ್ತು ದಿನ ಓಟ ಬಂದ್, ಈಜು, ಸೈಕಲ್ ಮುಂದುವರಿಕೆ. ಬಳಿಕ ಆಟದ ಮೈದಾನದ ಮಣ್ಣಿನ ಮೇಲೆ 3 ಕಿ.ಮೀ.ಯಿಂದ ಮತ್ತೆ ಶುರು. ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿ ಎತ್ತಿ ನಿಧಾನ ಇಳಿಸುವುದು, 12ರಂತೆ ಮೂರು ಸುತ್ತು, ದಿನ ಬಿಟ್ಟು ದಿನ. ಹೊಸ ಶೂ ಎರಡು ಜೊತೆ. ಮಳೆಯಲ್ಲಿ ಒಂದು ನೆನೆದರೆ ಒಳಗೆ ಹಳೇ ಪೇಪರ್ ತುರುಕಿ ನೆರಳಲ್ಲಿ ಒಣಗಿಸಲು ಎರಡು ದಿನ ಬೇಕೇ ಬೇಕು. ಒಲೆಯ ಪಕ್ಕ ಇಟ್ಟರೆ ಅಡಿ ಕಿತ್ತುಬರುತ್ತದೆ.

ಎಂಟನೇ ವಾರದಿಂದ ಬ್ರಿಕ್: ಸೈಕಲ್ ಇಳಿದ ಕೂಡಲೇ ಓಟ. ಮೊದಲ ಸಲ ತೊಡೆ ಮರಗಟ್ಟಿ ಕಾಲು ಬೇರೆಯವರದು ಎನಿಸುತ್ತದೆ. ಒಂದು ಗಂಟೆ ಬಾಗಿ ಕೂತು ಒಂದೇ ಬಗೆಯ ಸುತ್ತಿಗೆ ಒಗ್ಗಿದ ಸೊಂಟ, ತೊಡೆಗಳಿಗೆ ನೆಟ್ಟಗೆ ನಿಂತು ಭಾರ ಹೊರಲು ಕೆಲವು ನಿಮಿಷ ಬೇಕು. 12 ಕಿ.ಮೀ. ಸೈಕಲ್, 1.5 ಕಿ.ಮೀ. ಓಟದಿಂದ ಶುರುವಾಗಿ 12ನೇ ವಾರಕ್ಕೆ 20 ಮತ್ತು 3. ಸೈಕಲ್ಲಿನ ಕೊನೆಯ ಒಂದು ಕಿ.ಮೀ. ಹಗುರ ಗೇರು, ಓಟದ ಮೊದಲ 800 ಮೀಟರ್ ಸಣ್ಣ ಹೆಜ್ಜೆ. ಮಿಕ್ಕದ್ದು ಅಭ್ಯಾಸದಿಂದಲೇ.

ಒಂಬತ್ತನೇ ವಾರ ಹೀಗಿತ್ತು:

ಸೋಮವಾರ: ರಜೆ.
ಮಂಗಳವಾರ: ಈಜು, 100 ಮೀಟರ್ 6 ಸಲ.
ಬುಧವಾರ: ಹಗುರ ಓಟ 5 ಕಿ.ಮೀ., ಸಂಜೆ ಹಿಮ್ಮಡಿ, ಸೊಂಟದ ವ್ಯಾಯಾಮ 20 ನಿಮಿಷ.
ಗುರುವಾರ: ಈಜು, ಕಿಕ್‌ಬೋರ್ಡ್ ಮತ್ತು ಮಗ್ಗುಲು ಉಸಿರು.
ಶುಕ್ರವಾರ: ಸೈಕಲ್ 50 ನಿಮಿಷ, ನಡುವೆ 3 ನಿಮಿಷದಂತೆ ನಾಲ್ಕು ಸಲ ಜೋರು. ಜೋರು ಮಳೆಯಾದರೆ ರದ್ದು, ಬದಲಿಗೆ ಮನೆಯಲ್ಲೇ ವ್ಯಾಯಾಮ.
ಶನಿವಾರ: ಈಜು 40 ನಿಮಿಷ.
ಭಾನುವಾರ: ಕಡೂರು ರಸ್ತೆ 25 ಕಿ.ಮೀ., ಇಳಿದು 2 ಕಿ.ಮೀ. ಓಟ.

ಮೂರು ವಾರ ಏರಿಸಿ, ನಾಲ್ಕನೆಯದರಲ್ಲಿ ಮೂರನೇ ಒಂದು ಪಾಲು ಇಳಿಸುವ ಕ್ರಮ ಕೊನೆತನಕ.

ತಂಪು ಊರಿನವರು ಬಿಸಿಲೂರಿಗೆ

15, 16ನೇ ವಾರ ಅಭ್ಯಾಸ ಅರ್ಧಕ್ಕೆ ಇಳಿಯಿತು. ವೇಗ ಹಾಗೇ, ಹೊತ್ತು ಮಾತ್ರ ಕಡಿಮೆ. ಜೊತೆಗೆ ಇನ್ನೊಂದು ಸೇರಿತು: ಸ್ಪರ್ಧೆಯ ಊರಿನಲ್ಲಿ ಒಂಬತ್ತಕ್ಕೆಲ್ಲ ಬಿಸಿಲು ಸುಡುತ್ತದೆ. ಬೇಗ ಬೆವರುವುದನ್ನು, ಬೆವರಿನಲ್ಲಿ ಉಪ್ಪು ಹೋಗದಂತೆ ಉಳಿಸಿಕೊಳ್ಳುವುದನ್ನು ಮೈ ಕಲಿಯಲು 10ರಿಂದ 14 ದಿನ ಬೇಕು. ಹಾಗಾಗಿ ಹಗುರ ಓಟಗಳನ್ನು ಬೆಳಿಗ್ಗೆ ಆರರಿಂದ ಮಧ್ಯಾಹ್ನ ಹನ್ನೆರಡಕ್ಕೆ ಬದಲಿಸಲಾಯಿತು. ನಾಡಿ ಹೆಚ್ಚಾದರೆ ನಡಿಗೆ.

ಊಟದ ವಿಷಯ ಚುಟುಕಾಗಿ. ಹಿಂದಿನ ರಾತ್ರಿ ಅನ್ನ, ತಿಳಿಸಾರು, ಮೊಸರು. ಬೇಳೆಯ ಭಾರ, ಕರಿದದ್ದು ಬೇಡ. ಬೆಳಿಗ್ಗೆ ಎರಡೂವರೆ ಗಂಟೆ ಮುಂಚೆ ಮೂರು ಇಡ್ಲಿ, ಒಂದು ಬಾಳೆಹಣ್ಣು, ಕಾಯಿಚಟ್ನಿ ಇಲ್ಲ, ಕಾಫಿ ರೂಢಿಯಿದ್ದರೆ ಕಾಫಿ. ಸೈಕಲ್ಲಿನ ಬಾಟಲಿಯಲ್ಲಿ ಒಂದು ಲೀಟರಿಗೆ ಒಂದು ಪ್ಯಾಕೆಟ್‌ನಂತೆ ಕಲಸಿದ ಓಆರ್‌ಎಸ್. ಎರಡು ಗಂಟೆಯ ಒಳಗಿನ ಸ್ಪರ್ಧೆಗೆ ಶಕ್ತಿ ಕೊಡುವ ಜೆಲ್ಲು, ಪುಡಿ ಯಾವುದೂ ಬೇಕಿಲ್ಲ.

ನಿಯಮಗಳಲ್ಲಿ ಹೊಸಬರು ಎಡವುವುದು ಮೂರು ಕಡೆ. ಹೆಲ್ಮೆಟ್ ಬಕಲ್ ಹಾಕಿದ ಮೇಲೇ ಸೈಕಲ್ ಮುಟ್ಟಬೇಕು, ಸೈಕಲ್ ಮತ್ತೆ ಸ್ಟ್ಯಾಂಡಿಗೆ ಇಟ್ಟ ಮೇಲೇ ಬಿಚ್ಚಬೇಕು. ಸೈಕಲ್ ಇಡುವ ಜಾಗದ ಹೊರಗಿನ ಗೆರೆ ದಾಟಿದ ಮೇಲೇ ಹತ್ತಬೇಕು. ಡ್ರಾಫ್ಟಿಂಗ್ ನಿಷೇಧವಿರುವ ಸ್ಪರ್ಧೆಯಲ್ಲಿ ಮುಂದಿನವರ ಹಿಂದೆ ಅಂಟಿಕೊಂಡು ಗಾಳಿ ತಪ್ಪಿಸಿಕೊಳ್ಳುವಂತಿಲ್ಲ. ಈಜಿನಲ್ಲಿ ಉಲ್ಟಾ, ಸಡಿಲ ಹೆಚ್ಚು: ಯಾವ ಶೈಲಿಯಾದರೂ ಸರಿ, ಅಂಗಾತ ತೇಲಬಹುದು, ದೋಣಿಯ ಜೊತೆ ಮುಂದಕ್ಕೆ ಸಾಗದೆ, ಅದನ್ನು ಹಿಡಿದು ಸುಧಾರಿಸಿಕೊಳ್ಳಬಹುದು. ನಮ್ಮ ಬೆಚ್ಚಗಿನ ನೀರಿಗೆ ವೆಟ್‌ಸೂಟ್ (ಚಳಿ ತಡೆಯುವ ಈಜುಡುಗೆ) ಪ್ರಶ್ನೆ ಬರುವುದಿಲ್ಲ.

ಆ ದಿನ

ಈಜು 22:40. ಮೊದಲ ಬದಲಾವಣೆ (ಈಜಿನಿಂದ ಸೈಕಲ್ಲಿಗೆ) 4:10. ಸೈಕಲ್ 51:30. ಎರಡನೇ ಬದಲಾವಣೆ (ಸೈಕಲ್ಲಿನಿಂದ ಓಟಕ್ಕೆ) 2:20. ಓಟ 34:50. ಒಟ್ಟು 1 ಗಂಟೆ 55 ನಿಮಿಷ 30 ಸೆಕೆಂಡ್.

ಗುಂಪಿನ ಹಿಂದೆ, ಅಂಚಿನಲ್ಲಿ ನಿಲ್ಲಬೇಕೆಂದು ಮೊದಲೇ ಗೊತ್ತಿತ್ತು, ಹಾಗೇ ನಿಂತರು. ಆದರೂ ಮೊದಲ ನೂರು ಮೀಟರ್ ಎಲ್ಲರ ವೇಗಕ್ಕೆ ಹೊಡೆದರು, ಯಾರದೋ ಕೈ ತಾಗಿ ಗಾಗಲ್ಸ್ ಸರಿಯಿತು, ಉಸಿರು ಕಟ್ಟಿ ತಲೆ ಎದ್ದಿತು. ಜುಲೈ ತಿಂಗಳ ಈಜು ವಾಪಸು ಬಂದಿತ್ತು. ಅಂಗಾತ ಮಲಗಿ ಹತ್ತು ಉಸಿರು, ಗಾಗಲ್ಸ್ ಖಾಲಿ ಮಾಡಿ, ಗುಳ್ಳೆ ಬಿಡುತ್ತ ಮತ್ತೆ ಶುರು. ಕಳೆದದ್ದು ಸುಮಾರು 40 ಸೆಕೆಂಡ್. ಗಾಗಲ್ಸ್ ಪಟ್ಟಿ ಕ್ಯಾಪಿನ ಕೆಳಗೆ ಹಾಕಿದ್ದರೆ ಅಷ್ಟು ಸುಲಭಕ್ಕೆ ಸರಿಯುತ್ತಿರಲಿಲ್ಲ. ಆ 40 ಸೆಕೆಂಡಿನ ಜೊತೆಗೆ ಗೋಡೆ ತಳ್ಳುವ ಲಾಭವೂ ಕೆರೆಯಲ್ಲಿ ಇಲ್ಲದ್ದರಿಂದ ಕೊಳಕ್ಕಿಂತ ಸುಮಾರು ಒಂದೂವರೆ ನಿಮಿಷ ತಡವಾದದ್ದು ನಿರೀಕ್ಷಿತವೇ.

4:10 ಮಾತ್ರ ಹೆಚ್ಚಾಯಿತು. ಒದ್ದೆ ಕಾಲಿಗೆ ಕಾಲುಚೀಲ ಏರಲಿಲ್ಲ. ಒಳಗೆ ಪೌಡರ್ ಉದುರಿಸಿ, ಅರ್ಧ ಮಡಿಚಿ ಇಟ್ಟಿರಬೇಕಿತ್ತು. ಹತ್ತಿ ಬನಿಯನ್ ಒದ್ದೆಯಾಗಿ ಕಂಕುಳು ತರಚಿತು; ಜಾಗ ಜಾಗಕ್ಕೆ ವ್ಯಾಸಲೀನ್ ಹಚ್ಚಿ, ಬೇಗ ಒಣಗುವ ಬಟ್ಟೆ ತೊಟ್ಟಿದ್ದರೆ ತಪ್ಪುತ್ತಿತ್ತು. ಓಟದಲ್ಲಿ 3ನೇ ಕಿ.ಮೀ.ಯ ನಂತರ ನಿಧಾನವಾದದ್ದು ಬಿಸಿಲಿನಿಂದ. ಪ್ರತಿ ನೀರಿನ ಮೇಜಿನಲ್ಲಿ ಅರ್ಧ ಲೋಟ ಬಾಯಿಗೆ, ಉಳಿದದ್ದು ತಲೆಗೆ ಎಂಬ ಕ್ರಮ ಅವರನ್ನು ಕೊನೆ ಮುಟ್ಟಿಸಿತು.

ನವೆಂಬರಿನಿಂದ ಕೊಯ್ಲು. ಕೊಯ್ಲು ಮುಗಿಯುವ ತನಕ ಓಟ, ಸೈಕಲ್ ಎರಡನ್ನೂ ಬಿಟ್ಟರೂ ಅಡ್ಡಿಯಿಲ್ಲ ಎಂದು ಗೊತ್ತಾಯಿತು. ತೋಟ ಸುತ್ತುವ ನಡಿಗೆಯೇ ಅಷ್ಟಿರುತ್ತದೆ. ಉಳಿಸಿಕೊಂಡದ್ದು ಭಾನುವಾರದ ಒಂದು ಈಜು, 30 ನಿಮಿಷ, ಅದರಲ್ಲೂ ಅರ್ಧ ಹೊತ್ತು ಮಗ್ಗುಲು ಉಸಿರಿಗೆ.